ಅಳಿಸಲು ಮೂರು ಗಂಟೆ, ಅಹವಾಲಿಗೆ ಮೂರು ನಿಮಿಷವೂ ಇಲ್ಲ

ಗದಗ: ಗದಗ-ಬೆಟಗೇರಿ ಅವಳಿ ನಗರಕ್ಕೆ ನೇಕಾರಿಕೆಯಿಂದ ಬಂದಷ್ಟೇ ಹೆಸರು ಮುದ್ರಣದಿಂದಲೂ ಬಂದಿದೆ. ಇಲ್ಲಿ ಅಚ್ಚಾದ ನಾಟಕದ ಪುಸ್ತಕ, ಶಾಲಾ ಪುಸ್ತಕ, ಸಭೆಯ ಕರಪತ್ರ ಯಾವುದನ್ನೇ ತೆಗೆದು ನೋಡಿದರೂ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತಿತ್ತು. ಅದು ಮುದ್ರಕರ ಹೆಸರು ಮತ್ತು ಮುದ್ರಣಾಲಯದ ವಿಳಾಸ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅದನ್ನು ಕಡ್ಡಾಯಗೊಳಿಸಿತ್ತು. ಬರೆದದ್ದರ ಬಗ್ಗೆ ತಕರಾರು ಇದ್ದವರು ಯಾರ ಬಾಗಿಲು ಬಡಿಯಬೇಕು ಎಂಬುದು ಆ ಒಂದು ಸಾಲಿನಿಂದ ತಿಳಿಯುತ್ತಿತ್ತು. ಬರೆದವನಿಗೂ ತನ್ನ ಮೇಲೆ ಯಾರು, ಯಾವ ನ್ಯಾಯಾಲಯದಲ್ಲಿ ದೂರಿದ್ದಾರೆ ಎಂಬುದು ಗೊತ್ತಾಗುತ್ತಿತ್ತು.

ಇಂದು ಮುಂಡರಗಿಯ ಸಂತೆಯ ಸುದ್ದಿ, ಶಿರಹಟ್ಟಿಯ ಕುಡಿಯುವ ನೀರಿನ ಸುದ್ದಿ, ಲಕ್ಷ್ಮೇಶ್ವರ ಪುರಸಭೆಯ ಸುದ್ದಿ ಜನರಿಗೆ ಮೊದಲು ತಲುಪುವುದು ಮೊಬೈಲ್ ಫೋನಿನಲ್ಲಿ. ಕಾಗದದ ಮೇಲೆ ಬರುತ್ತಿದ್ದ ನಮ್ಮಂಥ ಪತ್ರಿಕೆಗಳೂ ಅಂತರ್ಜಾಲಕ್ಕೆ ಬಂದಿವೆ. ಈಗ ಮುದ್ರಕನ ಸ್ಥಾನದಲ್ಲಿ ಯೂಟ್ಯೂಬ್, ಫೇಸ್‌ಬುಕ್, ಎಕ್ಸ್, ವಾಟ್ಸ್‌ಆ್ಯಪ್ ಕಂಪನಿಗಳು ನಿಂತಿವೆ. ತಕರಾರು ಬಂದಾಗ ಸರ್ಕಾರ ಮೊದಲು ಬಡಿಯುವುದು ಅವುಗಳ ಬಾಗಿಲನ್ನೇ. ಸುದ್ದಿ ಬರೆದವನಿಗೆ ಅದರ ಸದ್ದು ಕೇಳಿಸುವುದಿಲ್ಲ. ಡಿಜಿಟಲ್ ಯುಗದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ನಡೆಯುತ್ತಿರುವ ಕಾನೂನು ಹೋರಾಟದ ತಿರುಳು ಇರುವುದು ಇಲ್ಲಿಯೇ.

ಬರೆದವನಿಲ್ಲದ ವಿಚಾರಣೆ

ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರವು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ನಿರ್ದಿಷ್ಟ ಕಾರಣಗಳಿಗಾಗಿ ಅಂತರ್ಜಾಲದ ಬರಹ ಅಥವಾ ದೃಶ್ಯವನ್ನು ತಡೆಹಿಡಿಯಬಹುದು. ಇದಕ್ಕೆ 2009ರ ನಿಯಮಗಳಿವೆ. ಸಮಿತಿಯ ಪರಿಶೀಲನೆ, ಲಿಖಿತ ಕಾರಣ, ನೋಟಿಸ್ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಅದೇ ನಿಯಮಗಳ 16ನೆಯ ನಿಯಮ ಇಡೀ ವ್ಯವಹಾರವನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ.

ಎರಡನೆಯ ದಾರಿ ಇನ್ನೂ ಸುಲಭವಾದುದು. ಅದೇ ಕಾಯ್ದೆಯ 79(3)(ಬಿ) ಕಲಮಿನ ಪ್ರಕಾರ, ಕಾನೂನುಬಾಹಿರ ವಿಷಯದ ಬಗ್ಗೆ ಸರ್ಕಾರ ತಿಳಿವಳಿಕೆ ನೀಡಿದ ಮೇಲೂ ಕಂಪನಿ ಅದನ್ನು ತೆಗೆಯದಿದ್ದರೆ ಕಂಪನಿಗೆ ಇರುವ ಕಾನೂನು ರಕ್ಷಣೆ ತಪ್ಪಿಹೋಗುತ್ತದೆ. ಇಂಥ ತಿಳಿವಳಿಕೆಗಳನ್ನು ಒಂದೇ ಕಡೆಯಿಂದ ಕಳುಹಿಸಲೆಂದು ಕೇಂದ್ರ ಗೃಹ ಸಚಿವಾಲಯವು 2024ರಲ್ಲಿ 'ಸಹಯೋಗ್' ಎಂಬ ಪೋರ್ಟಲ್ ಆರಂಭಿಸಿತು. 2021ರ ನಿಯಮಗಳಲ್ಲಿ ಕಂಪನಿಗೆ 36 ಗಂಟೆಗಳ ಅವಧಿ ಇತ್ತು. 2026ರ ಫೆಬ್ರವರಿಯ ತಿದ್ದುಪಡಿ ಅದನ್ನು 3 ಗಂಟೆಗೆ ಇಳಿಸಿತು. ಮೂರು ಗಂಟೆಯಲ್ಲಿ ಯಾವ ಕಂಪನಿಯೂ ಲಕ್ಷ್ಮೇಶ್ವರದ ವರದಿಗಾರನನ್ನು ಹುಡುಕಿ, ಆತನ ದಾಖಲೆ ತರಿಸಿ, ಸರಿ-ತಪ್ಪು ತೂಗಿ ನೋಡಲಾರದು. ತೆಗೆದುಹಾಕುವುದೇ ಅದಕ್ಕೆ ಕ್ಷೇಮ.

ಈ ಎರಡೂ ದಾರಿಗಳನ್ನು ಪ್ರಶ್ನಿಸಿದ ಪ್ರಮುಖ ಪ್ರಕರಣಗಳು ಕರ್ನಾಟಕ ಹೈಕೋರ್ಟಿನಲ್ಲಿಯೇ ನಡೆದವು. 69ಎ ಕಲಮಿನಡಿಯ ಆದೇಶಗಳ ವಿರುದ್ಧ ಅಂದಿನ ಟ್ವಿಟರ್ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠವು ಷರತ್ತಿನ ಮೇಲೆ ಅದಕ್ಕೆ ತಡೆ ನೀಡಿತು. ಸಹಯೋಗ್ ವಿರುದ್ಧ ಎಕ್ಸ್ ಕಂಪನಿ 2025ರ ಮಾರ್ಚ್‌ನಲ್ಲಿ ಸಲ್ಲಿಸಿದ ಅರ್ಜಿಯನ್ನು ಅದೇ ವರ್ಷದ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಜಾಗೊಳಿಸಿದರು. ಸಂವಿಧಾನದ 19ನೆಯ ವಿಧಿಯ ಹಕ್ಕು ಈ ದೇಶದ ನಾಗರಿಕರದು, ವಿದೇಶಿ ಕಂಪನಿ ಅದನ್ನು ತನ್ನದೆಂದು ವಾದಿಸಲಾಗದು ಎಂಬುದು ಆ ತೀರ್ಪಿನ ಮುಖ್ಯ ಅಂಶಗಳಲ್ಲೊಂದು.

ಕಾನೂನಿನ ದೃಷ್ಟಿಯಿಂದ ಈ ಮಾತಿಗೆ ಬಲವಾದ ಆಧಾರವಿದೆ. 19(1)(ಎ) ವಿಧಿ 'ಎಲ್ಲ ನಾಗರಿಕರಿಗೂ' ಎಂದೇ ಆರಂಭವಾಗುತ್ತದೆ. ಆದರೆ ಅದರಿಂದ ಹುಟ್ಟುವ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಆದೇಶ ತಲುಪುವ ಕಂಪನಿಗೆ ಹಕ್ಕಿಲ್ಲ. ಹಕ್ಕಿರುವ ನಾಗರಿಕನಿಗೆ ಆದೇಶ ತಲುಪುವುದಿಲ್ಲ. ಹಾಗಾದರೆ ಅಳಿಸಿಹೋದ ಸುದ್ದಿಯ ಪರವಾಗಿ ವಾದಿಸುವವರು ಯಾರು? ಈ ಪ್ರಶ್ನೆಯ ಒಂದು ಭಾಗ ಸುಪ್ರೀಂ ಕೋರ್ಟನ್ನು ತಲುಪಿದೆ. ಬರೆದವರಿಗೆ ನೋಟಿಸ್ ನೀಡದೆ ತಡೆಹಿಡಿಯುವ ಕ್ರಮವನ್ನೂ ಗೋಪ್ಯತೆಯ ನಿಯಮವನ್ನೂ ಪ್ರಶ್ನಿಸಿ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಸಲ್ಲಿಸಿದ ಅರ್ಜಿಯ ಮೇಲೆ 2025ರ ಮಾರ್ಚ್‌ನಲ್ಲಿ ನ್ಯಾಯಾಲಯವು ಕೇಂದ್ರಕ್ಕೆ ನೋಟಿಸ್ ನೀಡಿತು.

ಹಳೆಯ ಹಾದಿಯೇ ಹೌದು

ಬರೆದವನನ್ನು ಬಿಟ್ಟು ಅಚ್ಚು ಹಾಕುವವನನ್ನು ಹಿಡಿಯುವ ತಂತ್ರ ಹೊಸದೇನಲ್ಲ. ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದದ್ದು 1858ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ, ಅಂದರೆ 1857ರಲ್ಲಿ, ಪರವಾನಗಿ ಇಲ್ಲದೆ ಮುದ್ರಣಾಲಯ ಇಟ್ಟುಕೊಳ್ಳಬಾರದೆಂಬ ಕಾಯ್ದೆಯನ್ನು ಲಾರ್ಡ್ ಕ್ಯಾನಿಂಗ್ ಸರ್ಕಾರ ತಂದಿತ್ತು. 1878ರಲ್ಲಿ ಲಾರ್ಡ್ ಲಿಟ್ಟನ್ ತಂದ ದೇಶಭಾಷಾ ಪತ್ರಿಕಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುದ್ರಕ ಮತ್ತು ಪ್ರಕಾಶಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವ, ಠೇವಣಿ ಕೇಳುವ, ಯಂತ್ರವನ್ನೇ ಮುಟ್ಟುಗೋಲು ಹಾಕುವ ಅಧಿಕಾರ ಅಧಿಕಾರಿಗಳಿಗೆ ದೊರೆಯಿತು. ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಗುವ ಅವಕಾಶವಿರಲಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಆ ಕಾಯ್ದೆ ಅನ್ವಯಿಸಲಿಲ್ಲ. ತೀವ್ರ ವಿರೋಧದ ನಂತರ ಲಾರ್ಡ್ ರಿಪನ್ ಕಾಲದಲ್ಲಿ ಅದು ರದ್ದಾಯಿತು. ಯಂತ್ರ ಕಳೆದುಕೊಳ್ಳುವ ಭಯವಿರುವ ಮುದ್ರಕ ತಾನೇ ಲೇಖನವನ್ನು ಹಿಂದಿರುಗಿಸುತ್ತಾನೆ, ಸರ್ಕಾರ ನೇರವಾಗಿ ಏನನ್ನೂ ನಿಷೇಧಿಸಬೇಕಾಗಿಲ್ಲ ಎಂಬುದು ಆ ಕಾಯ್ದೆಯ ಲೆಕ್ಕಾಚಾರವಾಗಿತ್ತು. 79ನೆಯ ಕಲಮಿನ ರಕ್ಷಣೆ ತಪ್ಪುವ ಭಯ ಇಂದು ಕಂಪನಿಗಳ ಮೇಲೆ ಮಾಡುವ ಪರಿಣಾಮವೂ ಇದಕ್ಕಿಂತ ಬೇರೆಯಲ್ಲ.

ಆ ಕಾಲದಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ವಿಶೇಷವಿತ್ತು. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ಒಂದು ದಿನದಲ್ಲಿ ಎತ್ತಿನ ಗಾಡಿಯಲ್ಲಿ ಹೋಗಿಬರಬಹುದಾದ ಊರುಗಳು ಮೂರು ಆಡಳಿತಗಳ ಅಧೀನದಲ್ಲಿದ್ದವು. ಆ ಗಡಿಗಳು ಅಳಿದು, 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗಿ, ಮುಂದೆ ಲಕ್ಷ್ಮೇಶ್ವರವೂ ತಾಲ್ಲೂಕು ಕೇಂದ್ರವಾಯಿತು. ಆದರೆ ಅಂತರ್ಜಾಲದ ಸುದ್ದಿಗೆ ಸಂಬಂಧಿಸಿದಂತೆ ದೂರದ ಆಡಳಿತದ ಸಮಸ್ಯೆ ಬೇರೆ ರೂಪದಲ್ಲಿ ಮರಳಿ ಬಂದಿದೆ. ಆದೇಶ ದೆಹಲಿಯಿಂದ ಬರಬಹುದು, ತಡೆಯಾಜ್ಞೆ ಬೆಂಗಳೂರಿನಿಂದ ಬರಬಹುದು.

ಒಂದು ಚಾನೆಲ್ ನ್ಯಾಯಾಲಯಕ್ಕೆ ಹೋದಾಗ

ಬೆಂಗಳೂರಿನಿಂದ ಬಂದ ಅಂಥದೊಂದು ತಡೆಯಾಜ್ಞೆಯನ್ನು ನಾಡು 2025ರಲ್ಲಿ ಕಂಡಿತು. ಧರ್ಮಸ್ಥಳದಲ್ಲಿ ಶವಗಳನ್ನು ಹೂಳಲಾಗಿದೆ ಎಂಬ ಆರೋಪದ ಸುದ್ದಿಗಳು ಹರಡಿದ್ದಾಗ, ಕ್ಷೇತ್ರದ ಆಡಳಿತ ಕುಟುಂಬದ ಸದಸ್ಯರೊಬ್ಬರು ಮಾನಹಾನಿಯ ದಾವೆ ಹೂಡಿದರು. 2025ರ ಜುಲೈನಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯವು ಏಕಪಕ್ಷೀಯ ಮಧ್ಯಂತರ ಆದೇಶ ನೀಡಿತು. ದಾವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರತಿವಾದಿಗಳಿದ್ದರು. ತೆಗೆಯಬೇಕೆಂದು ಕೇಳಲಾದ ಕೊಂಡಿಗಳ ಸಂಖ್ಯೆ 8,842. ಅವುಗಳಲ್ಲಿ 4,140 ಯೂಟ್ಯೂಬ್ ದೃಶ್ಯಗಳು, 3,584 ಇನ್‌ಸ್ಟಾಗ್ರಾಂ ಬರಹಗಳು, 932 ಫೇಸ್‌ಬುಕ್ ಬರಹಗಳು, 108 ಸುದ್ದಿ ಲೇಖನಗಳು, ಉಳಿದವು ಎಕ್ಸ್ ಮತ್ತು ರೆಡಿಟ್‌ಗೆ ಸೇರಿದವು.

ಆ ಆರೋಪಗಳು ನಿಜವೋ ಸುಳ್ಳೋ ಎಂಬುದು ತನಿಖೆಯ ವಿಷಯ. ಅದನ್ನು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಹೆಸರಿಗೆ ಕಳಂಕ ಬಂದಿದೆ ಎನ್ನುವವರಿಗೆ ನ್ಯಾಯಾಲಯಕ್ಕೆ ಹೋಗುವ ಪೂರ್ಣ ಹಕ್ಕಿದೆ. ಇಲ್ಲಿ ಗಮನಿಸಬೇಕಾದುದು ಕ್ರಮವನ್ನು. ಎಂಟು ಸಾವಿರಕ್ಕೂ ಮಿಕ್ಕಿದ ಕೊಂಡಿಗಳಲ್ಲಿ ಯಾವುದು ನಿಂದೆ, ಯಾವುದು ಪೊಲೀಸ್ ದೂರಿನ ಯಥಾವತ್ ವರದಿ, ಯಾವುದು ಅಭಿಪ್ರಾಯ ಎಂದು ಬಿಡಿಸಿ ನೋಡದೆ, ಬರೆದವರ ಮಾತು ಕೇಳದೆ, ಒಂದೇ ಆದೇಶದಲ್ಲಿ ಎಲ್ಲವನ್ನೂ ಕಟ್ಟಿಹಾಕಬಹುದೇ?

ಮಂಗಳೂರಿನ 'ಕುಡ್ಲ ರಾಂಪೇಜ್' ಎಂಬ ಯೂಟ್ಯೂಬ್ ಚಾನೆಲ್ ಈ ಪ್ರಶ್ನೆಯನ್ನು ಹೈಕೋರ್ಟಿಗೆ ಒಯ್ದಿತು. 2025ರ ಆಗಸ್ಟ್ 1ರಂದು ನ್ಯಾಯಮೂರ್ತಿ ನಾಗಪ್ರಸನ್ನ ಅವರು ಆ ಚಾನೆಲ್‌ಗೆ ಸಂಬಂಧಿಸಿದಂತೆ ತಡೆಯಾಜ್ಞೆಯನ್ನು ರದ್ದುಗೊಳಿಸಿ, ವಿಷಯವನ್ನು ಹೊಸದಾಗಿ ಪರಿಶೀಲಿಸುವಂತೆ ಸಿವಿಲ್ ನ್ಯಾಯಾಲಯಕ್ಕೆ ಮರಳಿಸಿದರು. ಸಹಯೋಗ್ ಪ್ರಕರಣದಲ್ಲಿ ಸರ್ಕಾರದ ಪರವಾಗಿ ತೀರ್ಪು ನೀಡಿದವರೂ ಇದೇ ನ್ಯಾಯಮೂರ್ತಿಗಳು. ಇಲ್ಲಿ ಬರೆದವನೇ, ಅಂದರೆ ನಾಗರಿಕನೇ, ಅರ್ಜಿದಾರನಾಗಿ ನಿಂತಿದ್ದ ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ. ಆಗಸ್ಟ್ 8ರಂದು ಸುಪ್ರೀಂ ಕೋರ್ಟ್ ಕೂಡ ಹೊಸದಾಗಿ ಸುದ್ದಿ ನಿರ್ಬಂಧಿಸಬೇಕೆಂಬ ಮನವಿಯನ್ನು ಪುರಸ್ಕರಿಸದೆ, ಸಿವಿಲ್ ನ್ಯಾಯಾಲಯವೇ ಅದನ್ನು ತೀರ್ಮಾನಿಸಲಿ ಎಂದಿತು.

ವಕೀಲರನ್ನು ಹಿಡಿದು ಹೈಕೋರ್ಟಿಗೆ ಹೋದವರಿಗೆ ಪರಿಹಾರ ಸಿಕ್ಕಿತು. ಮುನ್ನೂರಕ್ಕೂ ಹೆಚ್ಚು ಪ್ರತಿವಾದಿಗಳಲ್ಲಿ ಹಾಗೆ ಹೋಗಬಲ್ಲವರು ಎಷ್ಟು ಮಂದಿ? ಶಿರಹಟ್ಟಿಯ ಬಿಡಿ ವರದಿಗಾರನೊಬ್ಬ ಇಂಥ ದಾವೆಯಲ್ಲಿ ಇನ್ನೂರನೆಯ ಪ್ರತಿವಾದಿಯಾದರೆ, ಪ್ರತಿ ವಾಯಿದೆಗೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವ ಖರ್ಚು ಆತನ ತಿಂಗಳ ಗಳಿಕೆಯನ್ನು ನುಂಗುತ್ತದೆ. ಸುದ್ದಿಯನ್ನು ತಾನೇ ತೆಗೆದುಹಾಕಿ ಸುಮ್ಮನಾಗುವುದು ಆತನಿಗೆ ಅಗ್ಗದ ದಾರಿ. ತೀರ್ಪೇ ಬಾರದೆ ಸೋಲುವ ಪ್ರಕರಣಗಳು ಇಂಥವು.

ಹಳ್ಳಿಗುಡಿ, ಕಪ್ಪತಗುಡ್ಡದ ಪಾಠ

ಇದು ಬೆಂಗಳೂರು, ಮಂಗಳೂರಿನವರ ಚಿಂತೆ, ನಮಗೇಕೆ ಎನ್ನುವವರು ಎರಡು ಘಟನೆಗಳನ್ನು ನೆನೆಯಬೇಕು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಮುತ್ತ ಪೋಸ್ಕೊ ಉಕ್ಕು ಕಾರ್ಖಾನೆಗಾಗಿ ಸಾವಿರಾರು ಎಕರೆ ಭೂಮಿ ಸ್ವಾಧೀನಕ್ಕೆ ಸಿದ್ಧತೆ ನಡೆದಿತ್ತು. ರೈತರು ಬೀದಿಗಿಳಿದರು. ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಹೋರಾಟದ ಮುಂಚೂಣಿಯಲ್ಲಿ ನಿಂತರು. ಅದೇ ವರ್ಷದ ಜುಲೈನಲ್ಲಿ ಯೋಜನೆ ಕೈಬಿಡಲಾಯಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡವನ್ನು 2015ರ ಡಿಸೆಂಬರ್‌ನಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರ ನವೆಂಬರ್‌ನಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. ಜನರ ಪ್ರತಿಭಟನೆಯ ಬಳಿಕ 2017ರ ಏಪ್ರಿಲ್‌ನಲ್ಲಿ ಆ ಸ್ಥಾನಮಾನ ಮರಳಿ ದೊರೆಯಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು.

ಎರಡೂ ಕಡೆ ಒಂದು ಪಕ್ಷದಲ್ಲಿ ಭಾರಿ ಬಂಡವಾಳವಿತ್ತು, ಸರ್ಕಾರದ ಆದೇಶಗಳಿದ್ದವು. ಇನ್ನೊಂದು ಪಕ್ಷದಲ್ಲಿ ರೈತರು, ಮಠ, ಪರಿಸರವಾದಿಗಳು ಇದ್ದರು. ಯಾವ ಸರ್ವೆ ನಂಬರಿನ ಜಮೀನು ಹೋಗುತ್ತದೆ, ಯಾವ ಆದೇಶವನ್ನು ಯಾವಾಗ ಹಿಂಪಡೆಯಲಾಯಿತು ಎಂಬ ವಿವರಗಳು ಹಳ್ಳಿಗಳಿಗೆ ಸಕಾಲದಲ್ಲಿ ತಲುಪಿದ್ದರಿಂದಲೇ ಜನ ಒಗ್ಗೂಡಲು ಸಾಧ್ಯವಾಯಿತು. ಅಂದು ಆ ಸುದ್ದಿ ಬಹುಪಾಲು ಕಾಗದದ ಮೇಲೆ ಬಂದಿತ್ತು. ಹಂಚಿಹೋದ ಪತ್ರಿಕೆಯನ್ನು ಮನೆ ಮನೆಯಿಂದ ಮರಳಿ ತರಿಸಲು ಯಾರಿಂದಲೂ ಆಗದು. ನಾಳೆ ಇಂಥದೇ ಪ್ರಸಂಗ ಎದುರಾದರೆ ಸುದ್ದಿ ಬರುವುದು ಸ್ಥಳೀಯ ಯೂಟ್ಯೂಬ್ ಚಾನೆಲ್‌ನಲ್ಲಿ, ಜಾಲತಾಣದಲ್ಲಿ. ಒಂದು ಏಕಪಕ್ಷೀಯ ಆದೇಶದಿಂದ ಅದು ಎಲ್ಲ ಫೋನುಗಳಿಂದಲೂ ಏಕಕಾಲಕ್ಕೆ ಮಾಯವಾಗಬಹುದು. ಮೂರು ತಿಂಗಳ ನಂತರ ಹೈಕೋರ್ಟ್ ಅದನ್ನು ಮರಳಿಸಿದರೂ ಅಷ್ಟರಲ್ಲಿ ಜಮೀನಿನ ಅಧಿಸೂಚನೆ ಹೊರಬಿದ್ದಿರುತ್ತದೆ. ಸುದ್ದಿಗೆ ಅದರದೇ ಆದ ಹೊತ್ತು ಇರುತ್ತದೆ, ಆ ಹೊತ್ತು ಮೀರಿ ದೊರೆತ ನ್ಯಾಯದಿಂದ ರೈತನಿಗೆ ಪ್ರಯೋಜನವಿಲ್ಲ.

ಸರ್ಕಾರದ ಆತಂಕ ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅಂಥ ಸಂದೇಶವನ್ನು ತಡೆಯಲು ಮೂರು ಗಂಟೆಯೂ ಹೆಚ್ಚೇ. ಕೈಯಲ್ಲಿ ಮೈಕು ಹಿಡಿದು ಅಂಗಡಿಕಾರರನ್ನೂ ಗುತ್ತಿಗೆದಾರರನ್ನೂ ಬೆದರಿಸಿ ಹಣ ಕೀಳುವವರು ಪತ್ರಕರ್ತರ ಹೆಸರಿನಲ್ಲಿಯೇ ಓಡಾಡುತ್ತಾರೆ ಎಂಬುದನ್ನು ಒಪ್ಪದಿದ್ದರೆ ನಮ್ಮ ಮಾತಿಗೆ ಬೆಲೆ ಉಳಿಯದು.

ರಾಜ್ಯ ಸರ್ಕಾರ ಹೊಸ ಕಾಯ್ದೆಗಳತ್ತ ಹೆಜ್ಜೆ ಹಾಕಿದ್ದು ಈ ಹಿನ್ನೆಲೆಯಲ್ಲಿ. 2025ರ ಜೂನ್‌ನಲ್ಲಿ ಬಹಿರಂಗವಾದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ 7 ವರ್ಷಗಳವರೆಗೆ ಸೆರೆವಾಸ ಹಾಗೂ 10 ಲಕ್ಷ ರೂಪಾಯಿವರೆಗೆ ದಂಡದ ಪ್ರಸ್ತಾಪವಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಉಭಯ ಸದನಗಳ ಅಂಗೀಕಾರ ದೊರೆಯಿತು. ಆಗ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಾಗಿದ್ದವರು ಗದಗ ಕ್ಷೇತ್ರದಿಂದ ಆಯ್ಕೆಯಾದ ಎಚ್.ಕೆ. ಪಾಟೀಲ ಅವರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ 'ಸುಳ್ಳು' ಎಂದು ಮೊದಲು ತೀರ್ಮಾನಿಸುವವರು ಯಾರು ಎಂಬುದೇ ಮೂಲ ಪ್ರಶ್ನೆ. ಕೇಂದ್ರ ಸರ್ಕಾರದ ಕುರಿತ ಸುದ್ದಿ ಸುಳ್ಳೇ ನಿಜವೇ ಎಂಬುದನ್ನು ಸರ್ಕಾರದ ಘಟಕವೇ ಹೇಳಬೇಕೆಂಬ 2023ರ ನಿಯಮವನ್ನು ಕುನಾಲ್ ಕಾಮ್ರಾ, ಎಡಿಟರ್ಸ್ ಗಿಲ್ಡ್ ಮೊದಲಾದವರು ಪ್ರಶ್ನಿಸಿದ್ದರು. ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿನ ನಂತರ, ಮೂರನೆಯ ನ್ಯಾಯಮೂರ್ತಿಗಳ ಅಭಿಪ್ರಾಯದಂತೆ 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿತು. ರಾಜ್ಯದ ಕಾಯ್ದೆಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಕೈಯಲ್ಲಿರುವ ಅಸ್ತ್ರಗಳು

ಕಾನೂನು ಹೋರಾಟದಿಂದ ಈವರೆಗೆ ದೊರೆತದ್ದು ಕಡಿಮೆಯೇನಲ್ಲ. ಕಾನೂನು ವಿದ್ಯಾರ್ಥಿನಿಯಾಗಿದ್ದ ಶ್ರೇಯಾ ಸಿಂಘಾಲ್ ಅವರ ಅರ್ಜಿಯ ಮೇಲೆ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ 66ಎ ಕಲಮನ್ನು ಪೂರ್ತಿಯಾಗಿ ರದ್ದುಪಡಿಸಿತು. ಆದರೂ ಠಾಣೆಗಳಲ್ಲಿ ಅದರಡಿ ಪ್ರಕರಣ ದಾಖಲಾಗುವುದು ನಿಲ್ಲಲಿಲ್ಲ. 2022ರ ಅಕ್ಟೋಬರ್‌ನಲ್ಲಿ ನ್ಯಾಯಾಲಯವು ಎಲ್ಲ ರಾಜ್ಯಗಳಿಗೆ ಮತ್ತೊಮ್ಮೆ ಕಟ್ಟಪ್ಪಣೆ ಮಾಡಬೇಕಾಯಿತು. ದೆಹಲಿಯ ತೀರ್ಪು ತಾಲ್ಲೂಕಿನ ಠಾಣೆಗೆ ತಲುಪಲು ಏಳು ವರ್ಷವೂ ಸಾಲಲಿಲ್ಲ ಎಂಬುದು ಇದರ ಅರ್ಥ.

ಪ್ರತಿವಾದಿಯ ಮಾತು ಕೇಳದೆ ಸುದ್ದಿಯ ಮೇಲೆ ತಡೆಯಾಜ್ಞೆ ನೀಡುವುದು ಅಪರೂಪದ ಸಂದರ್ಭಗಳಲ್ಲಿ ಮಾತ್ರ ಎಂದು 2024ರ ಮಾರ್ಚ್ 22ರಂದು ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ, ಮಾತು ಅಥವಾ ಬರಹಕ್ಕೆ ಸಂಬಂಧಿಸಿದ ಆರೋಪಕ್ಕೆ 3ರಿಂದ 7 ವರ್ಷದೊಳಗಿನ ಶಿಕ್ಷೆ ಇರುವಲ್ಲಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಎಂದು ಅದು ತಿಳಿಸಿತು. ನಾಗರಿಕ ಸುರಕ್ಷಾ ಸಂಹಿತೆಯ 173(3) ಕಲಮಿನಂತೆ ಡಿವೈಎಸ್‌ಪಿ ಅನುಮತಿಯೊಂದಿಗೆ 14 ದಿನಗಳಲ್ಲಿ ಈ ವಿಚಾರಣೆ ಮುಗಿಯಬೇಕು. 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ತೆಗೆದುಹಾಕಲು ಕಂಪನಿಗೆ ತಿಳಿವಳಿಕೆ ನೀಡುವ ಅಧಿಕಾರ ಜಂಟಿ ಕಾರ್ಯದರ್ಶಿ ಮಟ್ಟದ ಅಧಿಕಾರಿಗಳಿಗೆ, ಪೊಲೀಸ್ ಇಲಾಖೆಯಲ್ಲಿ ವಿಶೇಷವಾಗಿ ನೇಮಿತರಾದ ಡಿಐಜಿ ದರ್ಜೆಗೆ ಕಡಿಮೆಯಿಲ್ಲದವರಿಗೆ ಸೀಮಿತವಾಗಿದೆ. ಠಾಣೆಗೆ ಕರೆಸಿ 'ವಿಡಿಯೊ ತೆಗೆ' ಎಂದು ಗದರಿಸುವುದಕ್ಕೆ ಈ ನಿಯಮದಲ್ಲಿ ಆಧಾರವಿಲ್ಲ. ತಾಲ್ಲೂಕಿನ ಎಷ್ಟು ಪತ್ರಕರ್ತರಿಗೆ ಇದು ಗೊತ್ತಿದೆ?

ಆಗಬೇಕಾದುದೇನು?

ಮೊದಲನೆಯದಾಗಿ, ಹಿಂಸೆಗೆ ನೇರ ಪ್ರಚೋದನೆಯಂಥ ತುರ್ತು ಸಂದರ್ಭಗಳನ್ನು ಬಿಟ್ಟು, ಗುರುತು ಬಹಿರಂಗಪಡಿಸಿ ಬರೆಯುವ ಯಾವುದೇ ಪತ್ರಕರ್ತನ ಸುದ್ದಿಯನ್ನು ಅಳಿಸುವ ಮುನ್ನ ಆತನಿಗೆ ನೋಟಿಸ್ ನೀಡಿ ಅಹವಾಲು ಆಲಿಸಬೇಕು. ತುರ್ತಾಗಿ ಅಳಿಸಿದ್ದರೆ ಕಾರಣ ಸಹಿತ ಆದೇಶದ ಪ್ರತಿಯನ್ನು ಕೂಡಲೇ ನೀಡಬೇಕು. ಪ್ರತಿ ಕೈಯಲ್ಲಿಲ್ಲದೆ ಯಾವ ನ್ಯಾಯಾಲಯದ ಮುಂದೆ ಏನನ್ನು ಪ್ರಶ್ನಿಸುವುದು? ರಾಜ್ಯ ಸರ್ಕಾರ ತಾನು ತರುವ ಕಾಯ್ದೆ ಮತ್ತು ನಿಯಮಗಳಲ್ಲಾದರೂ ಇದನ್ನು ಸೇರಿಸಬಹುದು. ಅದಕ್ಕೆ ದೆಹಲಿಯ ಅನುಮತಿಗಾಗಿ ಕಾಯಬೇಕಿಲ್ಲ.

ಎರಡನೆಯದಾಗಿ, ಕಾನೂನು ನೆರವು ತಾಲ್ಲೂಕಿಗೆ ಬರಬೇಕು. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಗದಗ ಜಿಲ್ಲೆಯವರು ರಿಟ್ ಅರ್ಜಿಗಾಗಿ ಬೆಂಗಳೂರಿಗೆ ಹೋಗುವ ಕಷ್ಟ ಅಷ್ಟರಮಟ್ಟಿಗೆ ತಪ್ಪಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಪರಿಶಿಷ್ಟರು, ಮಹಿಳೆಯರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ವಕೀಲರ ನೆರವಿಗೆ ಅರ್ಹರು. ಸುದ್ದಿಗೆ ಇಷ್ಟೆಂದು ಸಂಭಾವನೆ ಪಡೆಯುವ ಅನೇಕ ಬಿಡಿ ವರದಿಗಾರರು ಈ ವರ್ಗಗಳಲ್ಲೇ ಬರುತ್ತಾರೆ. ವಕೀಲರ ಸಂಘ, ಕಾರ್ಯನಿರತ ಪತ್ರಕರ್ತರ ಸಂಘ ಮತ್ತು ಕಾನೂನು ಸೇವಾ ಪ್ರಾಧಿಕಾರ ಒಟ್ಟಿಗೆ ಕುಳಿತು, ನೋಟಿಸ್ ಬಂದ ದಿನವೇ ಸಂಪರ್ಕಿಸಬಹುದಾದ ವಕೀಲರ ಪಟ್ಟಿಯೊಂದನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಸಿದ್ಧಪಡಿಸಿದರೆ ಅದಕ್ಕೆ ದೊಡ್ಡ ಅನುದಾನವೇನೂ ಬೇಡ. ಶತಮಾನದ ಹಿಂದೆ, 1905ರಲ್ಲಿ, ಇದೇ ಜಿಲ್ಲೆಯ ಕಣಗಿನಹಾಳದಲ್ಲಿ ರೈತರು ಸಾಲದ ಹೊರೆಯನ್ನು ಹಂಚಿಕೊಳ್ಳಲು ಸಹಕಾರ ಸಂಘ ಕಟ್ಟಿದರು. ಮೊಕದ್ದಮೆಯ ಹೊರೆಯನ್ನು ಹಂಚಿಕೊಳ್ಳಲು ಪತ್ರಕರ್ತರಿಗೂ ಅದೇ ಮಾದರಿ ಸಾಕು.

ಮೂರನೆಯದು ನಮ್ಮದೇ ಹೊಣೆ. ಹೆಸರು, ವಿಳಾಸ ಪ್ರಕಟಿಸದೆ ಸುದ್ದಿ ಹಾಕುವವರು ಅಹವಾಲಿನ ಹಕ್ಕು ಕೇಳುವುದು ಕಷ್ಟ. ಆರೋಪಿತರ ಪ್ರತಿಕ್ರಿಯೆ ಪಡೆಯುವುದು, ದಾಖಲೆಯ ಪ್ರತಿ ಕಾಯ್ದಿಡುವುದು, ತಪ್ಪಾದಾಗ ತಿದ್ದುಪಡಿ ಪ್ರಕಟಿಸುವುದು ಕಾಗದದ ಪತ್ರಿಕೆಯ ರೂಢಿಗಳು. ಅವು ಜಾಲತಾಣಕ್ಕೂ ಬರಬೇಕು. ಚಿತ್ರೀಕರಿಸಿದ ಮೂಲ ದೃಶ್ಯವನ್ನು ಕತ್ತರಿಸದೆ ಉಳಿಸಿಕೊಳ್ಳಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದಾಗ ಮಾತ್ರ ಅದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ.

ಗದಗಿನ ಮುದ್ರಣಾಲಯಗಳಲ್ಲಿ ಕರಪತ್ರದ ಅಡಿಯಲ್ಲಿ ಜೋಡಿಸುತ್ತಿದ್ದ ಆ ಸಣ್ಣ ಸಾಲು ಮುದ್ರಕನಿಗೆ ಹೊಣೆಯನ್ನು ಹೊರಿಸುತ್ತಿತ್ತು, ಜೊತೆಗೆ ತನ್ನ ಮಾತು ಹೇಳಿಕೊಳ್ಳುವ ಅವಕಾಶವನ್ನೂ ಕೊಡುತ್ತಿತ್ತು. ಅಂತರ್ಜಾಲದಲ್ಲಿ ಬರೆಯುವವರ ಮೇಲೆ ಹೊಣೆ ಹೊರಿಸಲು ಸರ್ಕಾರಗಳು ಕಾಯ್ದೆಯ ಮೇಲೆ ಕಾಯ್ದೆ ತರುತ್ತಿವೆ. ಆ ಇನ್ನೊಂದು ಅರ್ಧವನ್ನು ಕೇಳಿ ಪಡೆಯುವ ಕೆಲಸ ಪತ್ರಕರ್ತರು ಮತ್ತು ವಕೀಲರ ಮುಂದಿದೆ. ನೋಟಿಸ್ ಬಂದ ಮೇಲೆ ಅದನ್ನು ಆರಂಭಿಸಿದರೆ ತಡವಾಗುತ್ತದೆ.